ಹಾಡಿನ ಪುಸ್ತಕದ ಮುಂದಿನ ಕಥೆ

ಆಗ ಸಿನಿಮಾದ ಹಾಡಿನ ಪುಸ್ತಕದಲ್ಲಿ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ, ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಎಂದು ಅಚ್ಚು ಹಾಕುತ್ತಿದ್ದರು. ಕಾಂದಿವಲಿಯಿಂದ ಲೋಕಲ್ ರೈಲಿನಲ್ಲಿ ಬರುತ್ತಾ ಅಂಥದೊಂದನ್ನು ಓದುತ್ತಿದ್ದೆ. ನನ್ನ ತೊಡೆಯ ಮೇಲಿದ್ದ ಕನ್ನಡ ವಾರಪತ್ರಿಕೆ ಕಂಡು, ಪಕ್ಕದಲ್ಲಿ ಕೂತಿದ್ದ ಉಡುಪಿ ಕಡೆಯ ಅಡುಗೆ ಭಟ್ಟರು ಮಾತಿಗಿಳಿದರು. ಅವರಿಗೆ ಕಥೆ ಹೇಳಿದೆ. ಹುಡುಗಿ ಕುರುಡಾಗುವಲ್ಲಿಗೆ ಪುಸ್ತಕ ಮುಗಿಯಿತು.

“ಮತ್ತೆ ಎಂತ ಆಯ್ತು ಮಾರಾಯ್ರೆ?”

ಸಿನಿಮಾ ನಾನೂ ನೋಡಿರಲಿಲ್ಲ. ಆದರೆ ಕಥೆಗಾರನಾಗಲು ಹೊರಟವನು ಗೊತ್ತಿಲ್ಲ ಎನ್ನುವುದು ಹೇಗೆ? ಬಾಂದ್ರಾ ಬರುವುದರೊಳಗೆ ಹುಡುಗಿಗೆ ಕಣ್ಣು ಬರಿಸಿ ಮದುವೆಯನ್ನೂ ಮಾಡಿಸಿದೆ. ಭಟ್ಟರು ಕಣ್ಣೊರೆಸಿಕೊಂಡು ಇಳಿದರು.

ಮುಂದಿನ ವಾರ ಮತ್ತೆ ಅವರ ಕೈಗೆ ಸಿಕ್ಕಿಬಿದ್ದೆ.

“ಹೆಂಡತಿಯನ್ನು ಕರ್ಕೊಂಡು ಹೋಗಿದ್ದೆ. ಆ ಹುಡುಗಿ ಸತ್ತೇ ಹೋದಳಲ್ಲ?”

ನಾನು ಕಿಟಕಿಯಾಚೆ ನೋಡಿದೆ.

“ನಿಮ್ಮ ಮೇಲೆ ಸಿಟ್ಟಲ್ಲ. ನಮ್ಮ ಚಾಳಿನ ಅಕ್ಕಪಕ್ಕದ ಮನೆಯವರಿಗೆಲ್ಲ ನಾನು ನಿಮ್ಮ ಕಥೆಯನ್ನೇ ಹೇಳಿದ್ದೆ. ಸಿನಿಮಾದವರು ಕೊನೆ ಹಾಳು ಮಾಡಿದ್ದಾರೆ ಅಂತ ಎಲ್ಲರಿಗೂ ಕೋಪ.”

ನಾನು ಬರೆದದ್ದನ್ನೆಲ್ಲ ಪತ್ರಿಕೆಗಳು ವಾಪಸು ಕಳಿಸುತ್ತಿದ್ದ ಕಾಲವದು. ನನ್ನ ಕಥೆಯೊಂದು ಮೊದಲು ಪ್ರಕಟವಾದದ್ದು ಆ ಚಾಳಿನಲ್ಲಿ. ಅದಕ್ಕೆ ಬಂದಷ್ಟು ಒಳ್ಳೆಯ ವಿಮರ್ಶೆ ಆಮೇಲೆ ಯಾವುದಕ್ಕೂ ಬಂದಿಲ್ಲ.