ಮಂಗಳಾ ಎದುರಿಗಿದ್ದರೆ ಮಾತ್ರ ಓಡುವ ಸ್ಕ್ರಿಪ್ಟು

ಮಂಗಳಾಗೆ ಕೋಪ ಬಂದರೆ ಅದು ಮೊದಲು ಕೀಬೋರ್ಡಿಗೆ ಗೊತ್ತಾಗುತ್ತದೆ, ಆಮೇಲೆ ಮ್ಯಾನೇಜರಿಗೆ. ಜೂಜುವಾಡಿ ಕಡೆಯ ಗೇರ್ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಈ ತೊರಪಲ್ಲಿಯ ಸೊಸೆ ಎಷ್ಟೋ ಮೌಸುಗಳನ್ನು ಗೋಡೆಗೆ ಬಡಿದು ವೀರಸ್ವರ್ಗಕ್ಕೆ ಕಳಿಸಿದ್ದಾಳೆ. ಆದರೆ ಈ ಸಲ ಯುಗಾದಿಯ ಮರುದಿನ ಬಂದ ಕೋಪದ ಮುಂದೆ ಅದೆಲ್ಲ ಬರೀ ನೆಗಡಿಯ ಸೀನು.

ಮರುದಿನವೆಂದರೆ ಹೊಸತೊಡಕು. ಊರವರೆಲ್ಲ ಸೇರಿ ಕುರಿ ಕಡಿದು, ಗುಡ್ಡೆ ಹಾಕಿ ಹಂಚಿಕೊಂಡು, ಮನೆಮನೆಯಲ್ಲೂ ಬಾಡಿನ ಸಾರು ಕುದಿಸುವ ದಿನ. ಯುಗಾದಿಗೆ ಕಾರ್ಖಾನೆ ರಜೆ ಕೊಡುತ್ತದೆ. ಹೊಸತೊಡಕು ಯಾವ ಸೊಪ್ಪಿನ ಹೆಸರೆಂದು ತಿರುನೆಲ್ವೇಲಿಯಿಂದ ಬಂದ ಮ್ಯಾನೇಜರ್ ಸುಬ್ರಮಣಿಗೆ ಗೊತ್ತಿಲ್ಲ. ಕಳೆದ ವರ್ಷ ಮಂಗಳಾ ಮನೆ ಸೇರುವಷ್ಟರಲ್ಲಿ ಪಾತ್ರೆಯ ತಳದಲ್ಲಿ ಉಳಿದದ್ದು ಬರೀ ಮೂಳೆ. ಈ ವರ್ಷ ಬಿಸಿಬಿಸಿ ಸಾರು ಉಂಡೇ ತೀರುತ್ತೇನೆಂದು ಶಪಥ ಮಾಡಿ ಬಹಳ ಮೊದಲೇ ರಜೆ ಬರೆಸಿದ್ದಳು.

ಅಡ್ಡ ನಿಂತ ರಾಕ್ಷಸ ಒಂದು ಸ್ಕ್ರಿಪ್ಟು. ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಬರೆದಿಟ್ಟ ಆಜ್ಞೆಗಳು. ಕ್ರಾನ್ ಎಂಬ ಗಡಿಯಾರದ ಆಳು ಹೊತ್ತಿಗೆ ಸರಿಯಾಗಿ ಅದನ್ನು ಎಬ್ಬಿಸಬೇಕು, ಅದು ಪೆಟ್ಟಿಗೆಗಳ ಲೇಬಲ್ ಮುದ್ರಿಸಬೇಕು. ಲೇಬಲ್ ಇಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಹೊಸ ಕಂಪ್ಯೂಟರು ಬಂದಾಗಿನಿಂದ ಕ್ರಾನ್ ಎಬ್ಬಿಸಿದರೆ ಒಂದು ಲೇಬಲ್ಲೂ ಇಲ್ಲ. ಮಂಗಳಾ ಬಂದು, ಲಾಗಿನ್ ಆಗಿ, ಅದೇ ಸ್ಕ್ರಿಪ್ಟನ್ನು ತಾನೇ ಓಡಿಸಿದರೆ ಪ್ರಿಂಟರು ಗರಗರನೆ ಉಗುಳುತ್ತಿತ್ತು. ಅದಕ್ಕೆ ಮೇಡಂ ಎದುರಿಗಿರಬೇಕು ಎಂದು ಕಾರ್ಖಾನೆಯ ಪಂಡಿತಸಭೆ ತೀರ್ಮಾನಿಸಿತು. ವಾಚ್‌ಮನ್ ಚಿನ್ನಪ್ಪ ಅವಳ ಫೋಟೊವನ್ನೇ ಪ್ರಿಂಟರಿಗೆ ಅಂಟಿಸಿ ಕುಂಕುಮವಿಟ್ಟ. ಪ್ರಿಂಟರು ಫೋಟೊಗೆ ಬಗ್ಗಲಿಲ್ಲ.

ಹೊಸತೊಡಕಿನ ಬೆಳಗ್ಗೆ ಸುಬ್ರಮಣಿಯ ಫೋನು ಬಂತು.

"ಮೇಡಂ, ಲೇಬಲ್ ವರಲೆ, ಬರ್ತಾನೇ ಇಲ್ಲ. ಲಾರಿ ನಿಂತಿದೆ. ಕೊಂಜ ಬಂದು ನಿಂತ್ಕೊಳ್ಳಿ, ಸಾಕು."

"ನಿಂತ್ಕೊಳ್ಳಕ್ಕೆ ನಾನೇನು ಬೆದರುಬೊಂಬೇನಾ ಸಾರ್?"

ಆದರೂ ಹೋದಳು. ಓಡಿಸಿದಳು. ಓಡಿತು. ಲಾರಿ ಹೊರಟಿತು. ಬ್ಯಾಗು ಹೆಗಲಿಗೇರಿಸುವಾಗ ಸುಬ್ರಮಣಿ ಹಲ್ಲು ಬಿಟ್ಟ. "ಮಧ್ಯಾಹ್ನ ಇನ್ನೊಂದು ಲಾರಿ ಇದೆ ಮೇಡಂ. ಅಲ್ಲೀವರೆಗೂ ಇದ್ಬಿಡಿ."

ಬ್ಯಾಗು ಮೇಜಿನ ಮೇಲೆ ಬಿದ್ದ ಸದ್ದಿಗೆ ಟೀ ಲೋಟ ಹಾರಿತು. ಮಂಗಳಾ ಯುದ್ಧಕ್ಕೆ ಕೂತಳು. ಗಡಿಯಾರ ನೋಡಿದಳು, ಸರಿಯಿತ್ತು. ಸ್ಕ್ರಿಪ್ಟಿಗೆ ಓಡುವ ಅನುಮತಿ ಇದೆಯೇ ನೋಡಿದಳು, ಇತ್ತು. ಮೆಷಿನ್ನಿನ ವಂಶವನ್ನೆಲ್ಲ ಬೈದಳು, ಅದರಿಂದಲೂ ಏನೂ ಆಗಲಿಲ್ಲ. ಅಷ್ಟರಲ್ಲಿ ಗಂಡ ದೇವರಾಜುವಿನ ಫೋನು.

"ಲೇ ಮಂಗಳಾ, ಬಾಡಿನ ಸಾರಿನ ಪುಡಿ ಎಲ್ಲಿಕ್ಕಿದ್ದೀಯ?"

"ದಿನಾ ಅದೇ ಅಡಿಗೆಮನೇಲಿ ಸುತ್ತಾಡ್ತೀರಲ್ಲ, ಕಣ್ಣಿಲ್ವಾ?"

"ನೀನಿದ್ರೆ ಎಲ್ಲೈತೆ ಅಂತ ನೀನೇ ಯೇಳ್ತೀಯ. ನೀನಿಲ್ದಿದ್ರೆ ನಂಗೆಂಗೆ ಗೊತ್ತಾಯ್ತದೆ?"

"ಮೇಲಿನ ಅಲ್ಮಾರದಲ್ಲಿ, ಸ್ಟೀಲ್ ಡಬ್ಬಿ..." ಎಂದು ಕಿರುಚುತ್ತಿದ್ದವಳು ತಟ್ಟನೆ ಬಾಯಿ ಮುಚ್ಚಿ, ಫೋನನ್ನೂ ಮುಚ್ಚಿದಳು.

ಅವಳು ಲಾಗಿನ್ ಆದಾಗ ಅವಳ ಸೆಟ್ಟಿಂಗ್ ಫೈಲು, ಲೇಬಲ್ ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿದೆ ಎಂದು ಸ್ಕ್ರಿಪ್ಟಿಗೆ ಹೇಳಿಕೊಡುತ್ತಿತ್ತು. ಕ್ರಾನ್ ಆ ಫೈಲನ್ನು ಓದುವುದೇ ಇಲ್ಲ. ಅವಳಿಲ್ಲದ ಅಡಿಗೆಮನೆಯಲ್ಲಿ ದೇವರಾಜು ನಿಂತ ಹಾಗೆ ಸ್ಕ್ರಿಪ್ಟು ದಿನಾ ನಿಂತಿತ್ತು!

ಹಾಗಾದರೆ ಅದು ದೂರಬಾರದಿತ್ತೇ? ದೂರಿತ್ತು, ತಪ್ಪದೆ ದೂರಿತ್ತು. ಕ್ರಾನ್ ಕಳಿಸುವ ಇ-ಮೇಲುಗಳ ಕಾಟಕ್ಕೆ ರೇಗಿ, ದೂರುಗಳನ್ನೆಲ್ಲ ಕಂಪ್ಯೂಟರಿನ ತಳವಿಲ್ಲದ ಗುಂಡಿಗೆ ಸುರಿಯುವಂತೆ ಸಾಲು ಬರೆದವಳು ಸಾಕ್ಷಾತ್ ಮಂಗಳಾ. ಈಗ ಕೋಪ ಮೊದಲ ಸಲ ಅವಳ ಮೇಲೆಯೇ ಬಂತು. ಆ ವಿಳಾಸ ಅದಕ್ಕೆ ಹೊಸದು. ಕ್ಷಣವೂ ನಿಲ್ಲದೆ ಸುಬ್ರಮಣಿಯ ಕಡೆ ತಿರುಗಿತು.

"ಏನ್ ಸಾರ್ ನೋಡ್ತಾ ನಿಂತಿದ್ದೀರಿ? ಆ ಫೋಟೊ ಕಿತ್ತಾಕ್ಸಿ ಮೊದ್ಲು!"

ಗುಂಡಿಯ ಸಾಲು ಅಳಿಸಿದಳು. ಸ್ಕ್ರಿಪ್ಟಿನಲ್ಲಿ ಲೇಬಲ್ ಪ್ರೋಗ್ರಾಮಿನ ಪೂರ್ತಿ ವಿಳಾಸ ಬರೆದಳು. ಪರೀಕ್ಷೆಗೆಂದು ಕ್ರಾನಿಗೆ ಹತ್ತಿರದ ಹೊತ್ತೊಂದನ್ನು ಹೇಳಿ, ಲಾಗೌಟ್ ಆಗಿ, ಗೇಟಿನ ಹೊರಗೆ ಬಿಸಿಲಲ್ಲಿ ಹೋಗಿ ನಿಂತಳು. ಸ್ವಲ್ಪದರಲ್ಲೇ ಚಿನ್ನಪ್ಪ ಓಡಿ ಬಂದ.

"ಮೇಡಂ, ನೀವಿಲ್ದೇನೇ ಓಡ್ಬುಡ್ತು!" ಅವನ ದನಿಯಲ್ಲಿ ದೇವಿಯೊಬ್ಬಳನ್ನು ಕಳೆದುಕೊಂಡ ಸಂಕಟವಿತ್ತು.

"ಆದ್ರೂ ಸೇಫ್ಟಿಗೆ..." ಎಂದು ಹಿಂದೆಯೇ ಬಂದ ಸುಬ್ರಮಣಿಗೆ ಕಂಡದ್ದು ಸ್ಕೂಟರಿನ ಹೊಗೆ ಮಾತ್ರ.

ಮಧ್ಯಾಹ್ನದ ಲಾರಿಯ ಹೊತ್ತು ದಾಟಿತು, ಫೋನು ಬಡಿದುಕೊಳ್ಳಲಿಲ್ಲ. ತೊರಪಲ್ಲಿಯಲ್ಲಿ ಮಂಗಳಾ ತಟ್ಟೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟಳು. ಅವಳ ಮುಖ ಕೆಂಪೇರಿತು.

"ಇದು ತಿಳಿಸಾರಿನ ಪುಡಿ! ಯಾವ ಡಬ್ಬಿ ಸುರಿದ್ರಿ?"

"ಸ್ಟೀಲ್ ಡಬ್ಬಿ ಅಂದು ಫೋನ್ ಮಡಗ್ಬುಟ್ಟೆ," ಎಂದ ದೇವರಾಜು. "ಅಲ್ಲಿ ಇರಾವೆಲ್ಲಾ ಸ್ಟೀಲ್ ಡಬ್ಬೀನೇ."

"ತಿರುಗಿ ಕೇಳ್ಬಾರ್ದಾ?"

"ಕೇಳುದ್ರೆ ಬೈತೀಯ," ಎಂದರು ಅತ್ತೆ ಆದಿಲಕ್ಷ್ಮಮ್ಮ, ಮುದ್ದೆ ಮುರಿಯುತ್ತಾ. "ಅದುಕ್ಕೇ ನನ್ ಮಗ ಸುಮ್ಕಾದ."

ಮಂಗಳಾ ಅತ್ತೆಯನ್ನೂ ಗಂಡನನ್ನೂ ಉರಿಗಣ್ಣಿನಿಂದ ನೋಡಿದಳು. ಸಾರಿನಿಂದ ಆವಿ ಏಳುತ್ತಿತ್ತು. ಬಟ್ಟಲನ್ನು ಬರಿದುಮಾಡಿ ಗಂಡನ ಮುಂದೆ ಚಾಚಿ ಗದರಿದಳು.

"ನೋಡ್ತೀರೇನು? ಆರೋಕ್ಕೆ ಮುಂಚೆ ಇನ್ನೊಂದ್ ಸೌಟು ಹಾಕಿ!"