ಪಟ್ಟಿ ಕಟ್ಟಿದ ದಿನ ಕಂಡ ನೀಲಿ ತೇಪೆ

ಮಕ್ಕಳೇ, ಯಾರಾದರೂ ಕಾಣಲಾಗದ್ದೇನೋ ಕಂಡೆ ಎಂದರೆ ನಾನು ನಂಬುತ್ತಿದ್ದವಳಲ್ಲ. ಅಂಥ ಮಾತು ಬಂದರೆ ಕೆಲಸದ ನೆಪ ಹೇಳಿ ಎದ್ದುಹೋಗುತ್ತಿದ್ದೆ. ಈಗ ನಾನೇ ಹೇಳಬೇಕಾಗಿದೆ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಎಡಗಣ್ಣು ಕಾಣುವುದಿಲ್ಲವೆಂದು ನಿಮಗೆ ಗೊತ್ತು. ಒಂಬತ್ತನೆಯ ವರ್ಷದಲ್ಲಿ, ಭತ್ತ ಬಡಿಯುವಾಗ ಹುಲ್ಲಿನ ಕಡ್ಡಿ ಚುಚ್ಚಿ ಹೋದ ಕಣ್ಣು ಅದು. ಬೆಳಕು ಯಾವುದು, ಕತ್ತಲೆ ಯಾವುದು ಎಂದೂ ಅದಕ್ಕೆ ತಿಳಿಯದು. ಬಲಗಣ್ಣೊಂದನ್ನೇ ನಂಬಿ ಸಂಸಾರ ಮಾಡಿದೆ, ಹೆಮ್ಮಾಡಿಯ ಗದ್ದೆಯಲ್ಲಿ ಸೇವಂತಿಗೆ ಬೆಳೆದೆ, ನಿಮ್ಮ ಅಜ್ಜನನ್ನು ಮಸಣಕ್ಕೆ ಕಳುಹಿಸಿಕೊಟ್ಟೆ. ಆಮೇಲೆ ಆ ಕಣ್ಣಿಗೂ ಪೊರೆ ಬಂತು. ಒಂದು ದಿನ ಅರಳಿದ ಹೂವಿನ ಜೊತೆ ಮೊಗ್ಗನ್ನೂ ಕಿತ್ತು ಬುಟ್ಟಿ ತುಂಬಿಸಿದ್ದೆ. ನಿಮ್ಮ ಅಮ್ಮ ಬುಟ್ಟಿ ನೋಡಿ ಮೊಗ್ಗುಗಳನ್ನು ಬೇರೆಯಾಗಿ ಆರಿಸತೊಡಗಿದಳು. ಆಗ ಅವಳಿಗೆ ಬ್ರಹ್ಮಾವರದಿಂದ ಮದುವೆಯ ಸಂಬಂಧ ಬಂದಿತ್ತು.

“ಅಮ್ಮ, ನಿಂಗ್ ಕಣ್ಣ್ ಕಾಂತಿಲ್ಲ ಅಂದ್ರೆ ನಾನ್ ಮದಿ ಆತಿಲ್ಲೆ. ನಿನ್ನ್ ಬಿಟ್ಟ್ ಎಲ್ಲಿಗ್ ಹೋಪುದ್?” ಎಂದುಬಿಟ್ಟಳು.

ಮಳೆಗಾಲ ಕಳೆದ ಮೇಲೆ ಊರಿನ ಶಾಲೆಯಲ್ಲಿ ಉಚಿತ ಕಣ್ಣಿನ ಶಿಬಿರ ನಡೆಯಿತು. ಪೊರೆ ಬಂದವರನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಆಪರೇಷನ್ ಮಾಡಿ, ಊಟ ಹಾಕಿ, ಮರುದಿನ ಮನೆಗೆ ಬಿಡುತ್ತಿದ್ದರು. ಉಳಿದವರಿಗೆ ಒಂದು ಕಣ್ಣು ಕೆಟ್ಟರೆ ಇನ್ನೊಂದಿತ್ತು. ನನಗಿದ್ದದ್ದು ಒಂದೇ. ಮಗಳ ಮುಖ ನೆನೆದು ವ್ಯಾನ್ ಹತ್ತಿದೆ.

ಆಪರೇಷನ್ ಮುಗಿದು ಬಲಗಣ್ಣಿಗೆ ಪಟ್ಟಿ ಕಟ್ಟಿದಾಗ ಪೂರ್ತಿ ಕತ್ತಲೆಯಾಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮಂಚಕ್ಕೆ ಇನ್ನೊಬ್ಬರನ್ನು ತಂದು ಮಲಗಿಸಿದರು. ಬೈಂದೂರು ಕಡೆಯಲ್ಲಿ ಮೀನು ಮಾರುವವರಂತೆ, ಹೆಸರು ಪದ್ದಕ್ಕ. ಧ್ವನಿಯೊಂದೇ ನನಗೆ ಗೊತ್ತು.

“ಎಂತ ಮಾರಾಯ್ತಿ, ಪಟ್ಟಿ ಕಟ್ಟಿದ್ ಕಣ್ಣಿಗಾ, ಬಾಯಿಗಾ?” ಎಂದರು.

“ಹೆದ್ರಿಕೆ ಆತ್ತ್” ಎಂದೆ.

“ನಾಳೆ ಪಟ್ಟಿ ಬಿಚ್ಚಿದ್ ಕೂಡ್ಲೆ ನನ್ ಮೋರಿ ಕಾಣ್ಕಲ್ದಾ, ಅದ್ಕ್ ಹೆದ್ರ್!” ಎಂದು ತಮ್ಮ ಮುಖವನ್ನೇ ಹಾಸ್ಯ ಮಾಡಿದರು.

ತಲೆ ಬಗ್ಗಿಸಬಾರದು, ಕಣ್ಣು ಉಜ್ಜಬಾರದು ಎಂದು ನರ್ಸ್ ಎಲ್ಲರಿಗೂ ಹೇಳಿ ಹೋಗಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಡಾಕ್ಟರು ಬಂದು ನನ್ನ ಮಂಚದ ಹತ್ತಿರ ನಿಂತರು. ಆಗಲೇ ನನ್ನ ಎಡಗಣ್ಣಿನಲ್ಲಿ ಬೆಳಕಾಯಿತು. ಕಂಡೆ ಎಂದೇ ಹೇಳಬೇಕು. ಡಾಕ್ಟರ ಬಿಳಿ ಕೋಟು ಕಂಡಿತು. ಅವರ ಬೆನ್ನ ಹಿಂದೆ ತೆಳ್ಳಗಿನ ಹೆಂಗಸೊಬ್ಬರು ಪಕ್ಕದ ಮಂಚದಿಂದಿಳಿದು, ಕೈಮುಗಿದು, ಅವರ ಕಾಲಿನತ್ತ ಬಗ್ಗುತ್ತಿದ್ದರು. ಕಂದು ರವಿಕೆಯ ತೋಳಿನಲ್ಲಿ ಒಂದು ನೀಲಿ ತೇಪೆ. ಉಪಕಾರ ಮಾಡಿ ಕಾಸು ಮುಟ್ಟದವರ ಕಾಲಿಗೆ ಬೀಳದೆ ಬರುವುದು ನಮ್ಮ ಕಡೆಯ ಹಳಬರಿಗೆ ಆಗದ ಮಾತು.

“ಹ್ವಾಯ್ ಪದ್ದಕ್ಕಾ, ಬಗ್ಬೇಡಿ!” ಎಂದು ಕೂಗಿದೆ. ಅಷ್ಟು ದೊಡ್ಡದಾಗಿ ನಾನು ಎಂದೂ ಕೂಗಿದವಳಲ್ಲ.

ಡಾಕ್ಟರು ತಿರುಗಿ ಅವರ ಭುಜ ಹಿಡಿದರು. “ಅಮ್ಮ, ಬಗ್ಗಬಾರದೆಂದು ಹೇಳಿರಲಿಲ್ಲವೇ? ಈ ಕಣ್ಣು ಹೋದರೆ ಏನು ಮಾಡುತ್ತೀರಿ?” ಎಂದು ಗದರಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದರು. ಅಷ್ಟರಲ್ಲಿ ನನಗೆ ಮತ್ತೆ ಕತ್ತಲೆ. ಪಟ್ಟಿ ಸಡಿಲವಾಗಿದೆಯೇ ಎಂದು ಮುಟ್ಟಿ ನೋಡಿದರು, ಆಗಿರಲಿಲ್ಲ. ಎಡಗಣ್ಣಿಗೆ ಟಾರ್ಚ್ ಬಿಟ್ಟೆನೆಂದರು. ನನಗೆ ಏನೂ ತಿಳಿಯಲಿಲ್ಲ. “ಬಳೆಯ ಸದ್ದು ಕೇಳಿಸಿರಬೇಕು” ಎಂದರು. ನಾನೂ ಹೂಂ ಎಂದೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಹೊಸ ಬೆಳಕಿನಲ್ಲಿ ನನಗೆ ಮೊದಲು ಕಂಡದ್ದು ಪಕ್ಕದ ಮಂಚ. ಅಲ್ಲಿ ಕಂದು ರವಿಕೆ, ತೋಳಿನಲ್ಲಿ ನೀಲಿ ತೇಪೆ. ಪದ್ದಕ್ಕನ ಕೈಯಲ್ಲಿ ಬಳೆಯೇ ಇರಲಿಲ್ಲ. ನನ್ನ ಹಾಗೆ ಅವರದೂ ಬರಿಗೈ.

“ಎಂತ, ಮೋರಿ ಕಂಡ್ ಹೆದ್ರಿದ್ಯಾ?” ಎಂದು ನಕ್ಕರು. ಅವರ ಕಣ್ಣೂ ಉಳಿದಿತ್ತು. ನಾನು ಅಳುತ್ತಿದ್ದೆ. ತೇಪೆಯ ಮಾತು ಅವರಿಗೂ ಹೇಳದೆ ಮನೆಯ ವ್ಯಾನ್ ಹತ್ತಿದೆ.

ಆ ವರ್ಷವೇ ನಿಮ್ಮ ಅಮ್ಮನ ಮದುವೆಯಾಯಿತು. ಅವಳ ಮುಡಿಗೆ ಅರಳಿದ ಹೂವನ್ನೇ ಆರಿಸಿ ಕಿತ್ತೆ, ಒಂದು ಮೊಗ್ಗೂ ಬರಲಿಲ್ಲ.

ಈಗಲೂ ಒಮ್ಮೊಮ್ಮೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಕಾಯುತ್ತೇನೆ. ಎಡಗಣ್ಣಿಗೆ ಏನೂ ಕಾಣುವುದಿಲ್ಲ. ಅಂದು ಆ ಒಂದು ಗಳಿಗೆ ಅದಕ್ಕೆ ಯಾರು ಬೆಳಕು ಕೊಟ್ಟರೋ, ನನಗಿನ್ನೂ ಗೊತ್ತಾಗಿಲ್ಲ. “ಅಜ್ಜಿ, ಎಂತ ಮಾಡ್ತಿದ್ರಿ?” ಎಂದು ನೀವು ಕೇಳುತ್ತೀರಿ. ಕೈ ತೆಗೆಯುತ್ತೇನೆ. ಎದುರಿಗೆ ನೀವಿರುತ್ತೀರಿ.