ಗುಮ್ಮಟದೊಳಗಿನ ದನಿ

ತಾರಾಲಯಕ್ಕೆ ಬರುತ್ತಿದ್ದ ಮಕ್ಕಳಿಗೆ ಆಕೆಯ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ದೀಪ ಆರಿ, ಗುಮ್ಮಟದ ತುಂಬ ನಕ್ಷತ್ರ ಮೂಡಿದ ಮೇಲೆಯೇ ಆಕೆ ಬಾಯಿ ತೆರೆಯುತ್ತಿದ್ದದ್ದು. ದೀಪ ಹತ್ತುವ ಹೊತ್ತಿಗೆ ಹಿಂದಿನ ಮೇಜಿನ ಮರೆಯಲ್ಲಿ ತಲೆ ಬಗ್ಗಿಸಿ, ಮುಂದಿನ ಪ್ರದರ್ಶನಕ್ಕೆ ಯಂತ್ರ ಅಣಿ ಮಾಡುತ್ತಿರುತ್ತಿದ್ದಳು. ಜೊತೆಯವರು ಇಟ್ಟ ಹೆಸರು ಕತ್ತಲೆಯಕ್ಕ. ಗಡಿಯಾರ ರಿಪೇರಿ ಮಾಡುವ ಗಂಡನಂತೂ, "ಅಲ್ಲಿ ಕತ್ತಲಲ್ಲಿ ಅಷ್ಟು ಮಾತಾಡಿ ಬರ್ತೀಯ, ಇಲ್ಲಿ ಬೆಳಕಲ್ಲಾದ್ರೂ ಸ್ವಲ್ಪ ಸುಮ್ನಿರು ಮಾರಾಯ್ತಿ" ಎಂದು ಕೈ ಮುಗಿಯುತ್ತಿದ್ದ.

ಮೇಲಿನವರು ಬರೆದುಕೊಟ್ಟ ಪಾಠದಲ್ಲಿ ಇದ್ದದ್ದು ಗ್ರಹಗಳು ಮತ್ತು ಮೈಲಿಗಳು. ಅದನ್ನು ಸರಸರನೆ ಮುಗಿಸಿ ಆಕೆ ತನ್ನ ಕತೆಗೆ ಬರುತ್ತಿದ್ದಳು. ಅಣ್ಣನ ಮನೆ ನೋಡಿಕೊಳ್ಳಲು ಹೋಗಿ, ಅವನು ಕೊಟ್ಟ ಪುಟ್ಟ ದೂರದರ್ಶಕದಲ್ಲಿ ತಾನೇ ಧೂಮಕೇತು ಹಿಡಿದ ತಂಗಿ. ಆಕಾಶದ ಚಿತ್ರ ಹಿಡಿದ ಗಾಜಿನ ಫಲಕದ ಮೇಲಿನ ಚುಕ್ಕಿಗಳನ್ನು ನೋಡುವ ಪುಡಿಗಾಸಿನ ಕೆಲಸಕ್ಕೆ ಸೇರಿ, ನಕ್ಷತ್ರ ಎಷ್ಟು ದೂರ ಎಂದು ಅಳೆಯುವ ದಾರಿ ತೋರಿಸಿದ, ಕಿವಿ ಸರಿಯಾಗಿ ಕೇಳದ ಹೆಂಗಸು. ಒಂದೊಂದು ಕತೆ ಮುಗಿದಾಗಲೂ ಆ ಕತೆಯ ಹೆಂಗಸಿನ ಹೆಸರು ಹೇಳಿ, "ಈಗ ನೀವು ಕೂಗಿ. ದೊಡ್ಡವರು ಮರೆತು ಕೂತಿದಾರೆ, ನೀವಾದ್ರೂ ಕೂಗಿ" ಎನ್ನುತ್ತಿದ್ದಳು. ನಾಲಿಗೆ ತೊಡರಿಸುವ ಪರದೇಶದ ಹೆಸರು. ಮಕ್ಕಳು ತಪ್ಪುತಪ್ಪಾಗಿ ಕೂಗಿ, ಬಿದ್ದುಬಿದ್ದು ನಕ್ಕು, ಮತ್ತೆ ಕೂಗುತ್ತಿದ್ದವು. ಆ ಗದ್ದಲವನ್ನು ಕೇಳುವುದಕ್ಕೇ ಆಕೆ ಕೆಲಸಕ್ಕೆ ಬರುತ್ತಿದ್ದಳು ಎಂದರೂ ಸುಳ್ಳಲ್ಲ.

ಹೊಸ ನಿರ್ದೇಶಕರು ಬಂದರು, ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಬಂದರು. "ಅಕ್ಕ, ನಿಮ್ಮ ದನಿ ಈ ಸಂಸ್ಥೆಯ ಆಸ್ತಿ. ನಿಮಗೆ ನೆಗಡಿಯಾದ ದಿನ ಮಕ್ಕಳು ಸಪ್ಪೆ ಮುಖ ಹಾಕ್ಕೊಂಡು ಹೋಗ್ಬಾರ್ದು ನೋಡಿ. ಒಂದ್ಸಲ ರೆಕಾರ್ಡ್ ಮಾಡಿಟ್ಟುಬಿಡೋಣ."

ಯಾರ ಹೊಗಳಿಕೆಗೂ ಸೊಪ್ಪು ಹಾಕದ ಹೆಂಗಸು ಅಂದು ಉಬ್ಬಿಹೋದಳು. ಬಿಸಿನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಇದ್ದ ಕತೆಯನ್ನೆಲ್ಲ ಹೇಳಿದಳು. ಪ್ರತಿ ಹೆಸರಿನ ನಂತರ ಅವಳು ಸುಮ್ಮನಾದಾಗ ರೆಕಾರ್ಡ್ ಮಾಡುವವನು ಕೇಳಿದ, "ಯಾಕಕ್ಕ, ಮರೆತ್ರಾ?"

"ಅದು ನನ್ನ ಜಾಗ ಅಲ್ಲಪ್ಪ, ಮಕ್ಕಳದ್ದು. ಹಾಗೇ ಬಿಡು."

ಶಾಲೆಗಳು ಮತ್ತೆ ಶುರುವಾಗುವ ಮೊದಲೇ ಆಕೆಗೆ ವಿಶ್ರಾಂತಿ ಕೊಟ್ಟುಬಿಟ್ಟರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಬೀಳ್ಕೊಡುಗೆಗೆ ಕೊಟ್ಟದ್ದು, ಯಾರ ಬುದ್ಧಿಯೋ, ಒಂದು ಗೋಡೆ ಗಡಿಯಾರ. ಗಂಡ ಅದನ್ನು ಬಿಚ್ಚಿ ನೋಡಿ, "ಒಳಗೆಲ್ಲ ಪ್ಲಾಸ್ಟಿಕ್ಕು" ಎಂದು ಮತ್ತೆ ಮುಚ್ಚಿದ. ತನ್ನ ಕೈಯಾರೆ ತನ್ನ ಕೆಲಸವನ್ನು ಒಪ್ಪಿಸಿ ಬಂದೆನಲ್ಲ ಎಂಬ ಸಂಕಟ ಆಕೆಯನ್ನು ಸುಡುತ್ತಿತ್ತು. ನಾನಿಲ್ಲದಿದ್ದರೇನು, ಆ ಹೆಂಗಸರ ಹೆಸರು ಮಕ್ಕಳ ಬಾಯಲ್ಲಿ ಉಳಿಯುತ್ತದಲ್ಲ ಎಂಬುದೊಂದೇ ಸಮಾಧಾನ.

ಆ ಸಮಾಧಾನವನ್ನು ಕಣ್ಣಾರೆ ಕಾಣಲೆಂದೇ ಒಂದು ದಿನ ಟಿಕೆಟ್ ಕೊಂಡು ಒಳಗೆ ಹೋದಳು. ಟಿಕೆಟ್ ಕೊಟ್ಟ ಹುಡುಗಿಯೂ ಹೊಸಬಳು, ಟಾರ್ಚ್ ಹಿಡಿದು ಕುರ್ಚಿ ತೋರಿಸಿದವನೂ ಹೊಸಬ. ಸುತ್ತಲೂ ಶಾಲೆಯ ಮಕ್ಕಳು. ದೀಪ ಆರಿತು. ಮೇಲಿನಿಂದ ತನ್ನದೇ ದನಿ ಬಂದಾಗ ಆಕೆಯ ಕಣ್ಣು ತುಂಬಿತು.

ತಂಗಿಯ ಕತೆ ಮುಗಿಯಿತು. ಆಕೆ ಕೂಗಿಗಾಗಿ ಕಿವಿ ಚುರುಕು ಮಾಡಿದಳು. ದನಿ ನಿಲ್ಲಲಿಲ್ಲ, ನೇರವಾಗಿ ಗಾಜಿನ ಫಲಕದ ಕತೆಗೆ ಹಾರಿತು. ಹೆಸರಿಗೂ ಅದರ ನಂತರದ ಮೌನಕ್ಕೂ ಕತ್ತರಿ ಬಿದ್ದಿತ್ತು. ಪ್ರದರ್ಶನ ಬೇಗ ಮುಗಿದರೆ ಇನ್ನೊಂದು ಶಾಲೆಯನ್ನು ಒಳಗೆ ತುರುಕಬಹುದಲ್ಲ!

ಪಕ್ಕದ ಕುರ್ಚಿಯ ಹುಡುಗಿ ಮೇಲೆ ನೋಡುತ್ತ ಕೇಳಿದಳು, "ಆ ತಂಗಿ ಹೆಸರೇನು?"

ದನಿ ತನ್ನ ಪಾಡಿಗೆ ಹೇಳುತ್ತಲೇ ಇತ್ತು. ಹುಡುಗಿ ಇನ್ನೊಮ್ಮೆ ಕೇಳಿದಳು.

ಮಕ್ಕಳ ಪ್ರಶ್ನೆಯನ್ನು ನೆಲಕ್ಕೆ ಬೀಳಲು ಬಿಟ್ಟವಳಲ್ಲ ಕತ್ತಲೆಯಕ್ಕ. ಎದ್ದು ನಿಂತು ಆ ಹೆಸರನ್ನು ಗಟ್ಟಿಯಾಗಿ ಹೇಳಿದಳು. "ಎಲ್ರೂ ಕೂಗಿ ಮಕ್ಕಳೇ!"

ಯಾರೂ ಕೂಗಲಿಲ್ಲ. ಟಾರ್ಚಿನ ಬೆಳಕು ಆಕೆಯ ಮುಖಕ್ಕೆ ಬಿತ್ತು. ಆ ಗುಮ್ಮಟದಲ್ಲಿ ಮಕ್ಕಳು ಆ ಮುಖ ಕಂಡದ್ದು ಅದೇ ಮೊದಲು.

"ಅಜ್ಜಿ, ಗಲಾಟೆ ಮಾಡ್ಬೇಡಿ. ಕೂತ್ಕೊಳ್ಳಿ."

ಆಕೆ ಆ ಹುಡುಗಿಯ ಕಡೆ ನೋಡಿದಳು. ಕೇಳಿದವಳು ಅವಳೇ ತಾನೆ. ಹುಡುಗಿ ತುಟಿಯ ಮೇಲೆ ಬೆರಳಿಟ್ಟು, ಕಣ್ಣಲ್ಲೇ ಮೇಲಕ್ಕೆ ತೋರಿಸಿದಳು.

"ಶ್! ಸುಮ್ನಿರಿ ಅಜ್ಜಿ. ಅವರು ಹೇಳ್ತಿರೋದು ಕೇಳಿಸ್ತಿಲ್ಲ."

ಕತ್ತಲೆಯಕ್ಕ ಕೂತಳು.